ಹಳೆಯ ಜೀಪು ನಿಂತಾಗ: ಮೊದಲು ನೋಡಿ, ಬಳಿಕ ಬಿಚ್ಚಿ



ಕಾಸರಗೋಡಿನ ಒಳನಾಡಿನಲ್ಲಿ ಡಾಮರು ರಸ್ತೆಯನ್ನು ಬಿಟ್ಟು ತೋಟದ ಕಡೆಗೆ ತಿರುಗಿದರೆ ದಾರಿ ಹೇಗಿರುತ್ತದೆಂದು ನಾವು ಬಿಡಿಸಿ ಹೇಳಬೇಕಾಗಿಲ್ಲ. ಮುರಕಲ್ಲು ಕಡಿದು ಮಾಡಿದ ಇಳಿಜಾರು, ಅದರ ಬುಡದಲ್ಲಿ ತೋಡು, ತೋಡಿನಾಚೆ ಮತ್ತೊಂದು ಏರು. ಬೇಸಗೆಯಲ್ಲಾದರೆ ಆಟೋರಿಕ್ಷಾ ಕೂಡ ಬಂದೀತು. ಮಳೆ ಹಿಡಿಯಿತೆಂದರೆ ಬರುವುದು ಜೀಪು ಮಾತ್ರ. ಅಡಿಕೆ ಮೂಟೆ, ಹಿಂಡಿ, ಗೊಬ್ಬರ, ಮೈಲುತುತ್ತಿನ ಡ್ರಮ್ಮು, ಮದುವೆಯ ಪಾತ್ರೆ, ಜ್ವರದ ಮಗು, ಹೆರಿಗೆಗೆ ಹೋಗುವ ಹೆಂಗಸು, ಎಲ್ಲರನ್ನೂ ಎಲ್ಲವನ್ನೂ ಹೊರುವುದು ಅದೇ. ಆದುದರಿಂದ ಗುಡ್ಡೆಯ ಮೇಲಿನ ನಾಲ್ಕು ಮನೆಗಳ ನಡುವೆ ಒಂದು ಜೀಪಿದ್ದರೆ ಅದು ಒಬ್ಬನ ಸೊತ್ತಾಗಿ ಉಳಿಯುವುದಿಲ್ಲ, ಊರಿನದಾಗುತ್ತದೆ.

ಈ ವಾಹನದ ಕುಲ ಹಳೆಯದು. 1941ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳು ಇದನ್ನು ತಯಾರಿಸತೊಡಗಿದವು. 1940ರ ದಶಕದ ಕೊನೆಗೆ ಮಹೀಂದ್ರ ಕಂಪೆನಿಯವರು ನಮ್ಮ ದೇಶದಲ್ಲಿ ಜೋಡಿಸತೊಡಗಿದರು. ಮೊದಲು ಬಂದವು ಪೆಟ್ರೋಲಿನವು, ಬಳಿಕ ಡೀಸೆಲಿನವು. ನಮ್ಮ ಮನೆಯಲ್ಲಿರುವುದು 1992ರ ಎಂ.ಎಂ. 540. ಅದರ ಎಂಜಿನ್ನು ಫ್ರಾನ್ಸಿನ ಪ್ಯೂಜೊ ಕಂಪೆನಿಯ ಮಾದರಿಯ 2.1 ಲೀಟರಿನ ಡೀಸೆಲ್. ವಯಸ್ಸಾಗಿದೆ ನಿಜ, ಆದರೆ ಏರು ಹತ್ತುವುದನ್ನು ಮರೆತಿಲ್ಲ.

ಹಳೆಯ ಜೀಪಿಗೆ ಒಂದು ದೊಡ್ಡ ಗುಣವುಂಟು. ಅದರಲ್ಲಿ ಗುಟ್ಟಿಲ್ಲ. ಹೊಸ ವಾಹನಗಳಲ್ಲಿರುವಂತೆ ಒಳಗೆ ಕಂಪ್ಯೂಟರ್ ಕೂತಿಲ್ಲ. ತಂತಿ ಕಣ್ಣಿಗೆ ಕಾಣುತ್ತದೆ, ಬೋಲ್ಟು ಕೈಗೆ ಸಿಗುತ್ತದೆ. ತಾಳ್ಮೆಯಿದ್ದವನು ಅರ್ಧಕ್ಕಿಂತ ಹೆಚ್ಚು ದೋಷಗಳನ್ನು ಅಂಗಳದಲ್ಲಿಯೇ ಪತ್ತೆಮಾಡಬಹುದು. ಆದರೆ ಅದರ ಪುಸ್ತಕವಿರುವುದು ಇಂಗ್ಲಿಷಿನಲ್ಲಿ. ಗ್ಯಾರೇಜಿನ ಮಾತು ಮಲೆಯಾಳದಲ್ಲಿ. ಕನ್ನಡದಲ್ಲಿ ಬರೆದಿಟ್ಟದ್ದು ಕಡಿಮೆ. ಅದಕ್ಕೋಸ್ಕರ ನಮ್ಮ ಅನುಭವಕ್ಕೆ ಬಂದಷ್ಟನ್ನು ಇಲ್ಲಿ ಹೇಳುತ್ತಿದ್ದೇವೆ.

ಆಟಿ ತಿಂಗಳ ಒಂದು ರಾತ್ರಿ

ಮೊದಲು ನಮ್ಮ ತಪ್ಪನ್ನೇ ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ಆಟಿ ತಿಂಗಳಲ್ಲಿ ನೆರೆಮನೆಯ ಅಜ್ಜಿಗೆ ಮಧ್ಯರಾತ್ರಿ ಉಬ್ಬಸ ಹೆಚ್ಚಾಯಿತು. ಮಗ ಟಾರ್ಚು ಹಿಡಿದು ಓಡಿಬಂದು, “ಮಾಷ್ಟ್ರೇ, ಜೀಪು ತೆಗೆಯಬೇಕು” ಎಂದರು. ಕೀಲಿ ತಿರುಗಿಸಿದೆವು. ದೀಪ ಬೆಳ್ಳಗೆ ಉರಿಯುತ್ತಿತ್ತು. ಸೆಲ್ಫ್ ಮಾತ್ರ ಒಮ್ಮೆ ನರಳಿ ಸುಮ್ಮನಾಯಿತು. ಮಳೆಯಲ್ಲಿ ಮೂವರು ಸೇರಿ ಜೀಪನ್ನು ಇಳಿಜಾರಿನವರೆಗೆ ದೂಡಿ, ಎರಡನೆಯ ಗೇರಿಗೆ ಹಾಕಿ, ಉರುಳಿಸಿ ಎಬ್ಬಿಸಿದೆವು. ಆಸ್ಪತ್ರೆ ಮುಟ್ಟುವಾಗ ಅರ್ಧ ಗಂಟೆ ಹೆಚ್ಚು ಹೋಗಿತ್ತು. ಅಜ್ಜಿ ಬದುಕಿದರು. ಆದರೆ “ಇನ್ನು ತಡವಾಗಿದ್ದರೆ ಕಷ್ಟವಿತ್ತು” ಎಂದು ಡಾಕ್ಟರರು ಹೇಳಿದ ಮಾತು ನಮ್ಮ ಕಿವಿಯಿಂದ ಇಂದಿಗೂ ಹೋಗಿಲ್ಲ.

ಮರುದಿನ ಪೇಟೆಗೆ ಹೋದೆವು. ಅಂಗಡಿಯವರು “ಬ್ಯಾಟರಿ ಹೋಗಿದೆ” ಎಂದರು, ಹೊಸದು ಕೊಂಡೆವು. ನಾಲ್ಕು ದಿನ ಸರಿಯಾಯಿತು, ಐದನೆಯ ದಿನ ಅದೇ ನರಳಾಟ. ಇನ್ನೊಬ್ಬರು “ಸೆಲ್ಫ್ ಕಟ್ಟಿಸಬೇಕು” ಎಂದರು, ಅದನ್ನೂ ಮಾಡಿಸಿದೆವು. ಒಟ್ಟಿಗೆ 11,000 ರೂಪಾಯಿ ಕೈಬಿಟ್ಟಿತು. ವಾರ ಕಳೆಯುವಾಗ ಮತ್ತೆ ಮೊದಲಿನಂತೆಯೇ.

ಕೊನೆಗೆ ಒಬ್ಬ ಹಿರಿಯ ಮೆಕ್ಯಾನಿಕ್ ಬಂದರು. ಅವರು ಯಾವುದನ್ನೂ ಬಿಚ್ಚಲಿಲ್ಲ. ನಮ್ಮನ್ನು ಕೀಲಿ ತಿರುಗಿಸಲು ಹೇಳಿ, ಎಂಜಿನ್ ನಿಲ್ಲಿಸುವ ಎಳೆಗುಂಡಿಯ ತಂತಿಯ ಮೇಲೆ ಬೆರಳಿಟ್ಟರು. “ಮಾಷ್ಟ್ರೇ, ಇದನ್ನು ಮುಟ್ಟಿ ನೋಡಿ” ಎಂದರು. ತಂತಿ ಬಿಸಿಯಾಗಿತ್ತು! ಬಳಿಕ ಬ್ಯಾಟರಿಯ ನೆಗೆಟಿವ್ ತಲೆಯಿಂದ ಎಂಜಿನ್ನಿನ ಬರಿಯ ಕಬ್ಬಿಣಕ್ಕೆ ಒಂದು ದಪ್ಪ ಕೇಬಲು ಕಚ್ಚಿಸಿದರು. ಸೆಲ್ಫ್ ಹೊಸದರಂತೆ ತಿರುಗಿತು. ದೋಷವಿದ್ದದ್ದು ಎಂಜಿನ್ನಿನಿಂದ ಚಾಸಿಗೆ ಬರುವ ಅರ್ತಿಂಗ್ ಪಟ್ಟಿಯಲ್ಲಿ. ಅದರ ಹೆಣಿಗೆ ಒಳಗೊಳಗೆ ಹಸಿರುಗಟ್ಟಿ ಕೊಳೆತಿತ್ತು. ಹೊಸ ಪಟ್ಟಿಗೆ ಕೊಟ್ಟದ್ದು 200 ರೂಪಾಯಿ.

ಇದರ ಕಾರಣವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಕೆಲಸ ಮುಗಿಸಿ ಬ್ಯಾಟರಿಗೆ ಹಿಂತಿರುಗಲೇಬೇಕು. ಜೀಪಿನಲ್ಲಿ ಹಿಂತಿರುಗುವ ದಾರಿಯೆಂದರೆ ಕಬ್ಬಿಣದ ಮೈ. ಎಂಜಿನ್ನು ಕೂತಿರುವುದು ರಬ್ಬರಿನ ಮೇಲೆ. ರಬ್ಬರಿನಲ್ಲಿ ವಿದ್ಯುತ್ತು ಹರಿಯದು. ಆದಕಾರಣ ಎಂಜಿನ್ನಿಗೂ ಚಾಸಿಗೂ ಪಟ್ಟಿಯ ಸೇತುವೆ ಹಾಕಿರುತ್ತಾರೆ. ಸೇತುವೆ ಮುರಿದರೆ ವಿದ್ಯುತ್ತು ಸಣ್ಣ ತಂತಿಗಳ ಮೂಲಕ ನುಸುಳಲು ನೋಡುತ್ತದೆ, ತಂತಿ ಬಿಸಿಯಾಗುತ್ತದೆ. ದೀಪಗಳ ಹಿಂದಾರಿ ಮೈಯ ಮೂಲಕ ಬೇರೆಯಾಗಿರುವುದರಿಂದ ಅವು ಬೆಳ್ಳಗೆ ಉರಿಯುತ್ತಲೇ ಇದ್ದವು. ಆ ರಾತ್ರಿಯೇ ದೀಪ ನಮಗೆ ಸತ್ಯ ಹೇಳಿತ್ತು. ನಾವು ಕೇಳಿಸಿಕೊಳ್ಳಲಿಲ್ಲ.

ನಾಲ್ಕು ಮೆಟ್ಟಿಲು

ಶಿಕ್ಷಕರ ತರಬೇತಿಯಲ್ಲಿ ನಮಗೆ ಒಂದು ಸೂತ್ರ ಕಲಿಸಿದ್ದರು: ಸರಳದಿಂದ ಕಠಿಣಕ್ಕೆ ಹೋಗಬೇಕು, ತಿಳಿದುದರಿಂದ ತಿಳಿಯದುದಕ್ಕೆ ಹೋಗಬೇಕು. ತರಗತಿಯಲ್ಲಿ ಅದನ್ನು ಪಾಲಿಸುವ ನಾವು ಜೀಪಿನ ಮುಂದೆ ಮರೆತುಬಿಟ್ಟೆವು. ಈಗ ನಾಲ್ಕು ಮೆಟ್ಟಿಲು ಮಾಡಿಕೊಂಡಿದ್ದೇವೆ. ಮೊದಲನೆಯದು, ನೋಡುವುದು: ಸಡಿಲಾದ ತಂತಿ, ಎಣ್ಣೆಯ ಕಲೆ, ಇಲಿ ಕಡಿದ ಗುರುತು. ಎರಡನೆಯದು, ಮುಟ್ಟಿ, ಅಲುಗಾಡಿಸಿ, ಕಿವಿಗೊಟ್ಟು ಕೇಳುವುದು. ಮೂರನೆಯದು, ಅಳೆಯುವುದು. ನಾಲ್ಕನೆಯದು ಮಾತ್ರ ಬಿಚ್ಚುವುದು. ಒಂದು ಸಲಕ್ಕೆ ಒಂದನ್ನೇ ಬದಲಿಸತಕ್ಕದ್ದು. ಮೂರು ಸಾಮಾನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ದೇವರಿಗೂ ತಿಳಿಯದು.

ಅಳೆಯಲು ಬೇಕಾದ ಸಲಕರಣೆ ಎರಡೇ. ಒಂದು, ಸಾಮಾನ್ಯ ಮಲ್ಟಿಮೀಟರ್. ಇನ್ನೊಂದು, ಮನೆಯಲ್ಲೇ ಮಾಡಬಹುದಾದ ಟೆಸ್ಟ್ ಲ್ಯಾಂಪ್: 12 ವೋಲ್ಟಿನ ಇಂಡಿಕೇಟರ್ ಬಲ್ಬಿಗೆ ಎರಡು ಉದ್ದದ ತಂತಿ ಕಟ್ಟಿದರಾಯಿತು.

ಸೆಲ್ಫ್ ತಿರುಗದಿದ್ದರೆ

ಮುಂದಿನ ದೊಡ್ಡ ದೀಪ ಹಾಕಿ, ಒಬ್ಬರನ್ನು ಎದುರು ನಿಲ್ಲಿಸಿ, ಕೀಲಿ ತಿರುಗಿಸಬೇಕು. ದೀಪ ಏನು ಮಾಡುತ್ತದೆಂಬುದನ್ನು ಗಮನಿಸಬೇಕು.

ದೀಪ ಪೂರ್ತಿ ಕಂದಿಹೋದರೆ ಬ್ಯಾಟರಿಯಲ್ಲಿ ಚಾರ್ಜಿಲ್ಲ, ಇಲ್ಲವೆ ಅದರ ತಲೆಯ ಕ್ಲ್ಯಾಂಪುಗಳು ಕಿಲುಬು ಹಿಡಿದಿವೆ. ಟಕಟಕನೆ ಬಡಿದುಕೊಳ್ಳುವ ಸದ್ದು ಬಂದರೂ ಇದೇ ಅರ್ಥ. ದೀಪ ಕದಲದೆ ಉರಿದು, ಸದ್ದೇ ಬಾರದಿದ್ದರೆ ಕೀಲಿಯ ಸ್ವಿಚ್ಚಿನಲ್ಲೋ ಅಲ್ಲಿಂದ ಸೆಲ್ಫಿಗೆ ಹೋಗುವ ಸಣ್ಣ ತಂತಿಯಲ್ಲೋ ದೋಷ. ಒಂದೇ ಒಂದು ದೊಡ್ಡ ‘ಟಕ್’ ಕೇಳಿ, ದೀಪ ಹೆಚ್ಚು ಕಂದದೆ, ಸೆಲ್ಫ್ ತಿರುಗದಿದ್ದರೆ ಸೆಲ್ಫಿನ ಸೊಲೆನಾಯ್ಡ್, ಕಾರ್ಬನ್ ಬ್ರಷ್, ಅಥವಾ ನಮ್ಮಲ್ಲಾದಂತೆ ಅರ್ತಿಂಗ್ ಪಟ್ಟಿ.

ಬಳಿಕ ಮೀಟರು. ರಾತ್ರಿಯಿಡೀ ನಿಂತ ಜೀಪಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ಣ ಚಾರ್ಜು, 12.2 ಎಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಾದರೆ ಮೊದಲು ಚಾರ್ಜ್ ಮಾಡಿಸಿ ಉಳಿದ ಪರೀಕ್ಷೆ. ಸೆಲ್ಫ್ ತಿರುಗುವಾಗ ಬ್ಯಾಟರಿ 9.6 ವೋಲ್ಟಿಗಿಂತ ಕೆಳಗಿಳಿಯಬಾರದು.

ಇನ್ನು, ಬೆಲೆಯಿಲ್ಲದ ಆದರೆ ಬೆಲೆಬಾಳುವ ಪರೀಕ್ಷೆಯೊಂದುಂಟು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಎಂಜಿನ್ನಿನ ಬರಿಯ ಕಬ್ಬಿಣದ ಮೇಲೆ ಇಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಬೇಕು. ಅರ್ತಿಂಗ್ ಒಳ್ಳೆಯದಿದ್ದರೆ ಮೀಟರು ಸೊನ್ನೆಯ ಹತ್ತಿರವೇ ಇರುತ್ತದೆ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ದಾರಿಯಲ್ಲಿ ಎಲ್ಲೋ ತಡೆಯಿದೆ. ಪಾಸಿಟಿವ್ ಕಂಬಕ್ಕೂ ಸೆಲ್ಫಿನ ದಪ್ಪ ಬೋಲ್ಟಿಗೂ ನಡುವೆ ಹೀಗೆಯೇ ನೋಡಬಹುದು. ಈ ಪರೀಕ್ಷೆ ಮಾಡಿದ್ದರೆ ನಮ್ಮ 11,000 ರೂಪಾಯಿ ಉಳಿಯುತ್ತಿತ್ತು.

ಕ್ಲ್ಯಾಂಪು ಉಜ್ಜುವಾಗ ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಿ, ಕೊನೆಗೆ ಹಾಕತಕ್ಕದ್ದು. ಬಿಳಿಯ ಕಿಲುಬನ್ನು ಬಿಸಿನೀರು, ಅಡುಗೆ ಸೋಡಾ ಹಾಕಿ ತೊಳೆದು, ಒಣಗಿಸಿ, ಬಿಗಿ ಮಾಡಿ, ಮೇಲೆ ವ್ಯಾಸ್‌ಲಿನ್ ಸವರಬೇಕು. ಬ್ಯಾಟರಿಯ ಹತ್ತಿರ ಬೀಡಿ ಬೇಡವೇ ಬೇಡ. ಅದರಿಂದ ಹೊರಡುವ ಜಲಜನಕ ಕಿಡಿ ತಾಗಿದರೆ ಸಿಡಿಯುತ್ತದೆ. ಕೈಯ ಬಳೆ, ಉಂಗುರ, ವಾಚು ತೆಗೆದಿಡುವುದು ಲೇಸು.

ಚಾರ್ಜು, ದೀಪ, ಫ್ಯೂಸು

ಬ್ಯಾಟರಿ ಪದೇ ಪದೇ ಸಾಯುವುದಾದರೆ ತಪ್ಪು ಬ್ಯಾಟರಿಯದೇ ಎಂದು ತಿಳಿಯಬಾರದು. ಎಂಜಿನ್ನು ಸ್ವಲ್ಪ ಏರಿದ ವೇಗದಲ್ಲಿ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.5 ವೋಲ್ಟ್ ಇರಬೇಕು. 13ಕ್ಕಿಂತ ಕಡಿಮೆಯಾದರೆ ಮೊದಲು ಬೆಲ್ಟು ನೋಡಬೇಕು. ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲ ತಗ್ಗುವಷ್ಟು ಬಿಗಿ ಸಾಕು. ಬಳಿಕ ಆಲ್ಟರ್ನೇಟರಿನ ಹಿಂದಿನ ತಂತಿಗಳು. 15 ವೋಲ್ಟಿಗಿಂತ ಹೆಚ್ಚಿದರೆ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿ ಕುದಿಯುತ್ತದೆ, ಬಲ್ಬು ಸುಡುತ್ತದೆ. ಎಂಜಿನ್ನು ಓಡುತ್ತಿರುವಾಗ ಬ್ಯಾಟರಿ ತಂತಿ ಬಿಚ್ಚಿ ಪರೀಕ್ಷಿಸುವ ಹಳೆಯ ಅಭ್ಯಾಸ ಕೆಲವರಲ್ಲುಂಟು. ಆಲ್ಟರ್ನೇಟರ್ ಇರುವ ಜೀಪಿನಲ್ಲಿ ಹಾಗೆ ಮಾಡಿದರೆ ಅದರ ಡಯೋಡುಗಳು ಸುಟ್ಟುಹೋಗಬಹುದು. ಮಾಡಕೂಡದು.

ಒಂದು ದೀಪ ಮಂಕಾಗಿದ್ದರೆ, ಇಂಡಿಕೇಟರ್ ಹಾಕಿದಾಗ ಬ್ರೇಕ್ ದೀಪವೂ ಜೊತೆಗೆ ಮಿಣುಕಿದರೆ, ಬಲ್ಬು ಬದಲಿಸುವ ಮೊದಲು ಆ ದೀಪದ ಅರ್ತ್ ನೋಡಬೇಕು. ನಮ್ಮ ಕಡೆ ಹಿಂದಿನ ದೀಪಗಳಿಗೆ ಇದು ಬೇಗ ಬರುತ್ತದೆ. ಕಾರಣ ಮೈಲುತುತ್ತು. ಕೊಳೆರೋಗಕ್ಕೆ ಮದ್ದು ಬಿಡುವ ಕಾಲದಲ್ಲಿ ಡ್ರಮ್ಮಿನಿಂದ ಚೆಲ್ಲಿದ ತುತ್ತಿನ ನೀರು ಕಬ್ಬಿಣವನ್ನು ತಿನ್ನುತ್ತದೆ. ಮದ್ದು ಸಾಗಿಸಿದ ದಿನವೇ ಹಿಂಭಾಗವನ್ನು ಧಾರಾಳ ನೀರಿನಿಂದ ತೊಳೆಯುವ ಪದ್ಧತಿ ಇಟ್ಟುಕೊಳ್ಳಬೇಕು.

ಫ್ಯೂಸು ಹೋದರೆ ಅಷ್ಟೇ ಆಂಪಿಯರಿನ ಫ್ಯೂಸು ಹಾಕತಕ್ಕದ್ದು. ತಾಮ್ರದ ತಂತಿಯನ್ನೋ ಸಿಗರೇಟಿನ ಬೆಳ್ಳಿ ಕಾಗದವನ್ನೋ ಸುತ್ತಿದರೆ ಆ ಹೊತ್ತಿಗೆ ದೀಪ ಬಂದೀತು. ಆದರೆ ಮುಂದಿನ ಸಲ ಸುಡುವುದು ಫ್ಯೂಸಲ್ಲ, ಒಳಗಿನ ತಂತಿ, ಅದರ ಜೊತೆಗೆ ಜೀಪು. ಅಡಿಕೆ ಕೊಟ್ಟಿಗೆಯ ಪಕ್ಕ ಜೀಪು ನಿಲ್ಲಿಸುವವರು ಇಲಿಯ ಕಾಟವನ್ನು ಮರೆಯಬಾರದು. ವಾರಕ್ಕೊಮ್ಮೆ ಬಾನೆಟ್ ಎತ್ತಿ ತಂತಿಗಳ ಮೇಲೆ ಕಣ್ಣಾಡಿಸಬೇಕು.

ಸೆಲ್ಫ್ ತಿರುಗುತ್ತದೆ, ಎಂಜಿನ್ನು ಹಿಡಿಯದು

ಈಗ ಸೈಲೆನ್ಸರಿನ ಬಾಯಿ ನೋಡಬೇಕು. ಸೆಲ್ಫ್ ಹೊಡೆಯುವಾಗ ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಎಂಜಿನ್ನಿಗೆ ಮುಟ್ಟುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಮುಟ್ಟುತ್ತಿದೆ, ಹೊತ್ತುತ್ತಿಲ್ಲ. ಓಡುವಾಗ ಕಪ್ಪು ಹೊಗೆ ಬಂದರೆ ಗಾಳಿ ಸಾಲದು, ಏರ್ ಫಿಲ್ಟರ್ ಶುಚಿಮಾಡಿ ನೋಡಬೇಕು. ನೀಲಿ ಹೊಗೆಯೆಂದರೆ ಎಂಜಿನ್ ಆಯಿಲ್ ಸುಡುತ್ತಿದೆ.

ಡೀಸೆಲ್ ಮುಟ್ಟದಿರಲು ಸಾಮಾನ್ಯ ಕಾರಣ ಗಾಳಿ ಹೊಕ್ಕುವುದು. ಟ್ಯಾಂಕು ಬರಿದಾಗುವವರೆಗೆ ಓಡಿಸಿದರೆ, ರಬ್ಬರ್ ನಳಿಗೆ ಬಿರಿದಿದ್ದರೆ ಹೀಗಾಗುತ್ತದೆ. ಫಿಲ್ಟರಿನ ಮೇಲಿನ ಗಾಳಿ ಬಿಡುವ ಸ್ಕ್ರೂವನ್ನು ಸಡಿಲಿಸಿ, ಕೈಪಂಪನ್ನು ಒತ್ತುತ್ತಾ ಹೋಗಬೇಕು. ಮೊದಲು ನೊರೆ ಬರುತ್ತದೆ. ಗುಳ್ಳೆಯಿಲ್ಲದೆ ಡೀಸೆಲ್ ಹರಿಯತೊಡಗಿದಾಗ ಒತ್ತುತ್ತಲೇ ಸ್ಕ್ರೂ ಬಿಗಿ ಮಾಡಬೇಕು. ಆಗಲೂ ಹಿಡಿಯದಿದ್ದರೆ ಎರಡು ನಾಝಲ್‌ಗಳ ಪೈಪಿನ ನಟ್ಟನ್ನು ಸ್ವಲ್ಪ ಸಡಿಲಿಸಿ ಸೆಲ್ಫ್ ಹೊಡೆದು, ಡೀಸೆಲ್ ಜಿನುಗಿದ ಮೇಲೆ ಬಿಗಿ ಮಾಡಬೇಕು. ಆ ಹೊತ್ತಿಗೆ ಕೈಯನ್ನು ದೂರ ಇಡಬೇಕು. ಒತ್ತಡದಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಹೋಗಬಲ್ಲದು. ಹಾಗಾದರೆ ಗಾಯ ಸಣ್ಣದೆಂದು ಕಂಡರೂ ಕೂಡಲೆ ಆಸ್ಪತ್ರೆಗೆ ಹೋಗತಕ್ಕದ್ದು.

ಮಳೆಗಾಲದಲ್ಲಿ ಡೀಸೆಲಿಗೆ ನೀರು ಸೇರುವುದುಂಟು. ಫಿಲ್ಟರಿನ ಅಡಿಯ ತಿರುಪನ್ನು ಬಿಚ್ಚಿ ಒಂದು ಗಾಜಿನ ಲೋಟಕ್ಕೆ ಹಿಡಿದರೆ ನೀರು ಅಡಿಯಲ್ಲಿ ಬೇರೆಯಾಗಿ ಕಾಣುತ್ತದೆ.

ಬಿಳಿ ಹೊಗೆ ಬಂದು, ಚಳಿಯ ಬೆಳಗ್ಗೆ ಮಾತ್ರ ಹಠ ಮಾಡಿದರೆ ಹೀಟರ್ ಪ್ಲಗ್‌ಗಳನ್ನು ನೋಡಬೇಕು. ಪ್ಲಗ್‌ಗಳನ್ನು ಜೋಡಿಸಿರುವ ಪಟ್ಟಿಯನ್ನು ಬಿಚ್ಚಿ, ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿಯ ಪಾಸಿಟಿವಿಗೆ, ಇನ್ನೊಂದು ಒಂದೊಂದೇ ಪ್ಲಗ್ಗಿನ ತಲೆಗೆ ಮುಟ್ಟಿಸಬೇಕು. ಲ್ಯಾಂಪು ಉರಿದರೆ ಒಳಗಿನ ತಂತಿ ತುಂಡಾಗಿಲ್ಲ. ಉರಿಯದ ಪ್ಲಗ್ಗು ಸತ್ತಿದೆ. ನಾಲ್ಕೂ ಸರಿಯಿದ್ದರೆ ಅವುಗಳಿಗೆ ವಿದ್ಯುತ್ತು ಬರುತ್ತಿದೆಯೇ ಎಂದು ನೋಡತಕ್ಕದ್ದು.

ಹಳೆಯ ಹರಿಕೇನ್ ಪೆಟ್ರೋಲ್ ಎಂಜಿನ್ನಿನ ಜೀಪನ್ನು ಉಳಿಸಿಕೊಂಡವರು ಕೆಲವರಿದ್ದಾರೆ. ಅವರಿಗೆ ಎರಡು ಮಾತು. ಮಳೆಯಲ್ಲಿ ನಿಂತರೆ ಮೊದಲು ಡಿಸ್ಟ್ರಿಬ್ಯೂಟರ್ ಮುಚ್ಚಳವನ್ನು ತೆಗೆದು ಒಣಬಟ್ಟೆಯಲ್ಲಿ ಒರಸಿ ನೋಡಿ. ಪಾಯಿಂಟಿನ ಎಡೆ ಅರ್ಧ ಮಿಲಿಮೀಟರ್, ಪ್ಲಗ್ಗಿನ ಎಡೆ ಮುಕ್ಕಾಲು ಮಿಲಿಮೀಟರ್ ಇರಬೇಕು. ಪ್ಲಗ್ಗಿನ ತಂತಿಗಳನ್ನು ಬಿಚ್ಚಿದರೆ 1-3-4-2 ಎಂಬ ಅನುಕ್ರಮ ಮರೆಯಬಾರದು.

ಎಂಜಿನ್ ಬಿಸಿಯೇರಿದರೆ

ಕೆಸರಿನ ಏರಿನಲ್ಲಿ ಓಡಿಸಿದ ಜೀಪಿನ ರೇಡಿಯೇಟರ್ ಎಲೆ, ಕೆಸರಿನಿಂದ ಮುಚ್ಚಿಹೋಗಿರುತ್ತದೆ. ಎಂಜಿನ್ನಿನ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಬೇಕು. ಬೆಲ್ಟು, ಹೋಸುಗಳು, ನೀರಿನ ಪಂಪಿನ ಕೆಳಗಿನ ಸೋರಿಕೆ, ಈ ಕ್ರಮದಲ್ಲಿ ನೋಡಬೇಕು. ಬಿಸಿಯಿರುವಾಗ ಮುಚ್ಚಳ ತೆಗೆಯಕೂಡದು, ಮುಖ ಬೆಂದವರಿದ್ದಾರೆ. ನೀರು ಎಲ್ಲಿಯೂ ಸೋರದೆ ಕಡಿಮೆಯಾಗುತ್ತಿದ್ದರೆ, ಅಥವಾ ಎಂಜಿನ್ ಆಯಿಲ್ ಕಡ್ಡಿಯಲ್ಲಿ ಹಾಲಿನಂತಹ ಬಣ್ಣ ಕಂಡರೆ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಓಡಿಸದೆ ಮೆಕ್ಯಾನಿಕರನ್ನು ಕರೆಸಬೇಕು.

ಸ್ಟಿಯರಿಂಗ್ ಮತ್ತು ಬ್ರೇಕು

ಜೀಪು ಹೊರಡದಿದ್ದರೆ ಕೆಲಸ ಕೆಡುತ್ತದೆ. ನಿಲ್ಲದಿದ್ದರೆ ಮನೆ ಕೆಡುತ್ತದೆ. ಆದುದರಿಂದ ಈ ಭಾಗವನ್ನು ಓದುಗರು ಎರಡು ಸಲ ಓದಬೇಕೆಂದು ಕೋರುತ್ತೇವೆ.

ಒಂದು ವೇಗಕ್ಕೆ ಬಂದಾಗ ಮುಂದಿನ ಚಕ್ರಗಳು ಗಡಗಡನೆ ಅದುರಿ ಸ್ಟಿಯರಿಂಗ್ ಕೈಯಿಂದ ಕಿತ್ತುಕೊಳ್ಳುವಂತಾದರೆ ಎಲ್ಲೋ ಸವೆದಿದೆ ಎಂದರ್ಥ. ಮುಂದಿನ ಚಕ್ರವನ್ನು ಎತ್ತಿ, ಆಕ್ಸಲಿನ ಅಡಿಗೆ ಗಟ್ಟಿಯಾದ ಆಧಾರ ಕೊಟ್ಟು, ಚಕ್ರದ ಮೇಲೂ ಕೆಳಗೂ ಕೈಯಿಟ್ಟು ಅಲುಗಾಡಿಸಬೇಕು. ಆಟವಿದ್ದರೆ ಒಬ್ಬರು ಬ್ರೇಕು ಒತ್ತಲಿ. ಆಟ ನಿಂತರೆ ಸವೆದದ್ದು ಚಕ್ರದ ಬೇರಿಂಗು, ನಿಲ್ಲದಿದ್ದರೆ ಕಿಂಗ್‌ಪಿನ್ನು. ಎಡಬಲಕ್ಕೆ ಅಲುಗಾಡಿಸಿದಾಗ ಆಟವಿದ್ದರೆ ಟೈರಾಡಿನ ತುದಿಗಳನ್ನು ನೋಡಬೇಕು. ಸ್ಪ್ರಿಂಗ್ ಪಟ್ಟಿಯ ಬುಷ್, ಯೂ ಬೋಲ್ಟುಗಳನ್ನೂ ಬಿಡಬಾರದು.

ಬ್ರೇಕಿನ ಮೆಟ್ಟು ಸ್ಪಂಜಿನಂತೆ ಮೆತ್ತಗಾದರೆ ಒಳಗೆ ಗಾಳಿಯಿದೆ. ಒತ್ತಿಹಿಡಿದಾಗ ಮೆಲ್ಲಮೆಲ್ಲನೆ ಕೆಳಗಿಳಿದರೆ ಎಲ್ಲೋ ಸೋರುತ್ತಿದೆ, ಇಲ್ಲವೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರು ಸವೆದಿದೆ. ಚಕ್ರದ ಒಳಬದಿ ಒದ್ದೆಯಾಗಿದ್ದರೆ ಅಲ್ಲಿಯ ಸಿಲಿಂಡರು ಸೋರುತ್ತಿದೆ. ಬಹಳ ಹಳೆಯ ಜೀಪುಗಳಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ದಾರಿಯ ಬ್ರೇಕು. ಒಂದು ಕಡೆ ಒಡೆದರೆ ನಾಲ್ಕೂ ಹೋಗುತ್ತವೆ. ಬ್ರೇಕಿಗೆ ಬ್ರೇಕ್ ಆಯಿಲನ್ನೇ ಹಾಕತಕ್ಕದ್ದು. ಎಂಜಿನ್ ಆಯಿಲ್ ಒಂದು ಚಮಚ ಬಿದ್ದರೂ ರಬ್ಬರುಗಳೆಲ್ಲ ಉಬ್ಬಿ ಕೆಡುತ್ತವೆ. ಸಂಶಯವಿರುವ ಬ್ರೇಕಿನ ಜೀಪನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗುವುದಲ್ಲ. ಮೆಕ್ಯಾನಿಕರನ್ನೇ ಅಂಗಳಕ್ಕೆ ಕರೆಸುವುದು.

ತೋಡು ದಾಟಿದ ಮೇಲೆ

ನೀರಿನಿಂದ ಮೇಲೆ ಬಂದ ಜೀಪಿನ ಡ್ರಮ್ ಬ್ರೇಕು ಸ್ವಲ್ಪ ಹೊತ್ತು ಹಿಡಿಯುವುದಿಲ್ಲ. ನಿಧಾನವಾಗಿ ಓಡಿಸುತ್ತಾ ಬ್ರೇಕನ್ನು ಹಗುರವಾಗಿ ಒತ್ತಿ ಒಣಗಿಸಿದ ಮೇಲೆಯೇ ಇಳಿಜಾರಿಗೆ ಇಳಿಯಬೇಕು. ಬಿಸಿಯಾದ ಆಕ್ಸಲು ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಮೂಲಕ ನೀರನ್ನು ಹೀರುತ್ತದೆ. ಆಕ್ಸಲಿನ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಕೂಡಲೆ ಬದಲಿಸಬೇಕು. ಮಳೆಗಾಲದಲ್ಲಿ ನಾವು 15 ದಿನಕ್ಕೊಮ್ಮೆ ಎಲ್ಲ ನಿಪ್ಪಲುಗಳಿಗೂ ಗ್ರೀಸ್ ಹೊಡೆಯುತ್ತೇವೆ. ಹೊಸ ಗ್ರೀಸ್ ಒಳಹೋಗಿ ಕೆಸರುಗ್ರೀಸ್ ಹೊರಬರುವುದನ್ನು ನೋಡಿದರೆ ಆ ಶ್ರಮ ವ್ಯರ್ಥವಲ್ಲವೆಂದು ತಿಳಿಯುತ್ತದೆ.

ಕ್ಲಚ್ ಬಿಟ್ಟು ಹೊರಡುವಾಗ ಅಡಿಯಲ್ಲಿ ‘ಟಣ್’ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು ಸವೆದಿರುವ ಸಂಭವ ಹೆಚ್ಚು. ಶಾಫ್ಟನ್ನು ಕೈಯಿಂದ ತಿರುಗಿಸಿ ಆಟ ನೋಡಬಹುದು. ಆದರೆ ಚಕ್ರಗಳಿಗೆ ಮರದ ಅಡ್ಡೆ ಕೊಟ್ಟ ಮೇಲೆ.

ನಾಲ್ಕೂ ಚಕ್ರಗಳಿಗೆ ಎಳೆತ ಕೊಡುವ ಸನ್ನೆಯನ್ನು ಒಣ ಡಾಮರಿನಲ್ಲಿ ಹಾಕಕೂಡದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳಬೇಕಾಗುತ್ತದೆ. ಈ ಜೀಪುಗಳಲ್ಲಿ ಆ ವ್ಯತ್ಯಾಸಕ್ಕೆ ಎಡೆಯಿಲ್ಲ. ಕೆಸರಿನಲ್ಲಾದರೆ ಚಕ್ರ ಜಾರಿ ಸರಿಹೊಂದುತ್ತದೆ. ಡಾಮರಿನಲ್ಲಿ ಗೇರುಗಳೇ ಬಿಗಿದುಕೊಳ್ಳುತ್ತವೆ. ಸನ್ನೆ ಹಿಂದಕ್ಕೆ ಬಾರದೆ ಕಚ್ಚಿಕೊಂಡಿದ್ದರೆ ಬಲಪ್ರಯೋಗ ಬೇಡ. ನಾಲ್ಕಾರು ಅಡಿ ನೇರವಾಗಿ ಹಿಂದಕ್ಕೆ ಓಡಿಸಿದರೆ ತಾನಾಗಿ ಸಡಿಲುತ್ತದೆ.

ಪೆಟ್ಟಿಗೆ ಮತ್ತು ಪುಸ್ತಕ

ನಮ್ಮ ಜೀಪಿನ ಸೀಟಿನಡಿ ಒಂದು ತಗಡಿನ ಪೆಟ್ಟಿಗೆಯುಂಟು. ಸ್ಪ್ಯಾನರುಗಳು, ಇಕ್ಕುಳ, ಮಲ್ಟಿಮೀಟರ್, ಟೆಸ್ಟ್ ಲ್ಯಾಂಪ್, ನಾಲ್ಕು ಫ್ಯೂಸು, ಎರಡು ಬಲ್ಬು, ಒಂದು ಫ್ಯಾನ್ ಬೆಲ್ಟು, ಒಂದು ಅರ್ತಿಂಗ್ ಪಟ್ಟಿ, ಉಪ್ಪುಕಾಗದ, ತಂತಿ, ಬಟ್ಟೆ, ಟಾರ್ಚು. ಇದರ ಜೊತೆಗೆ ಎರಡು ಗಟ್ಟಿ ಮರದ ತುಂಡು. ಜಾಕಿನ ಮೇಲೆ ಮಾತ್ರ ನಿಂತ ಜೀಪಿನ ಅಡಿಗೆ ಯಾರೂ ತಲೆಯಿಡಬಾರದು. ಮುರಕಲ್ಲಿನ ಇಳಿಜಾರಿನಲ್ಲಂತೂ ಖಂಡಿತ ಬೇಡ.

ಇನ್ನೊಂದು, 60 ಪುಟದ ಶಾಲಾಪುಸ್ತಕ. ಯಾವ ದಿನ ಏನು ಕೆಟ್ಟಿತು, ಏನು ಲಕ್ಷಣ, ಯಾವುದರಿಂದ ಗುಣವಾಯಿತು, ಎಷ್ಟು ಖರ್ಚು, ಎಲ್ಲವನ್ನೂ ಬರೆಯುತ್ತೇವೆ. 15 ವರ್ಷ ದಾಟಿದ ಖಾಸಗಿ ವಾಹನಕ್ಕೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕಷ್ಟೆ. ಆಗ ಪರೀಕ್ಷೆಗೆ ಒಯ್ಯುವ ಮೊದಲು ಏನೇನು ನೋಡಬೇಕೆಂಬುದೂ ಈ ಪುಸ್ತಕದಲ್ಲಿಯೇ ಸಿಗುತ್ತದೆ.

ನಾಝಲ್ ಒತ್ತಡ, ಡೀಸೆಲ್ ಪಂಪಿನ ಒಳಭಾಗ, ಗೇರ್‌ಬಾಕ್ಸು, ಬ್ರೇಕಿನ ರಿಪೇರಿ, ಇವನ್ನು ತಿಳಿದವರ ಕೈಗೇ ಬಿಡಬೇಕು. ನಾವು ಮೆಕ್ಯಾನಿಕರಾಗಬೇಕೆಂದು ಹೇಳುತ್ತಿಲ್ಲ. ದೋಷ ಎಲ್ಲಿದೆಯೆಂದು ಹುಡುಕಿ, ಲಕ್ಷಣವನ್ನು ಸರಿಯಾಗಿ ಹೇಳಬಲ್ಲವರಾದರೆ ಒಳ್ಳೆಯ ಮೆಕ್ಯಾನಿಕರಿಗೆ ಅರ್ಧ ಕೆಲಸ ಉಳಿಯುತ್ತದೆ. ನಮಗೆ ಹಣ ಉಳಿಯುತ್ತದೆ.

ನೆರೆಮನೆಯ ಅಜ್ಜಿ ಈಗಲೂ ಮಳೆಗಾಲ ಹತ್ತಿರವಾದಾಗ ನಮ್ಮ ಅಂಗಳಕ್ಕೆ ಬಂದು, “ಮಾಷ್ಟ್ರೇ, ಜೀಪಿಗೆ ಮದ್ದು ಮಾಡಿ ಆಯಿತಾ?” ಎಂದು ಕೇಳುವುದುಂಟು. ಅವರ ಪ್ರಶ್ನೆಗೆ ಜೂನ್ ಒಂದನೆಯ ತಾರೀಕಿನ ಒಳಗೆ “ಆಯಿತು” ಎಂದು ಉತ್ತರ ಕೊಡುವುದನ್ನು ನಾವು ನಿಯಮ ಮಾಡಿಕೊಂಡಿದ್ದೇವೆ. ಜೀಪಿರುವ ಬಂಧುಗಳೆಲ್ಲ ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿ, ಬೇರೇನೂ ಬೇಡ, ಅರ್ತಿಂಗ್ ಪಟ್ಟಿಯನ್ನೂ ಬ್ಯಾಟರಿಯ ತಲೆಯನ್ನೂ ಬ್ರೇಕ್ ಆಯಿಲಿನ ಮಟ್ಟವನ್ನೂ ನೋಡಿಬಿಡಿ. ನಿಮ್ಮ ಅನುಭವಕ್ಕೆ ಬಂದ ಬೇರೆ ಉಪಾಯಗಳಿದ್ದರೆ ಈ ಪುಟಕ್ಕೆ ಬರೆದು ಕಳುಹಿಸಬೇಕಾಗಿ ವಿನಂತಿ. ನಾಲ್ಕು ಜನಕ್ಕೆ ಉಪಯೋಗವಾದೀತು.